ರದ್ದಿಗೆ ಹಾಕುವ ಮುನ್ನ ಬೇತಾಳನನ್ನು ಒಂದು ಮಾತು ಕೇಳಿ!



ಮನೆ ಬದಲಾಯಿಸುವ ಕಾಲ ಬಂದಾಗ ನಮ್ಮ ಕನ್ನಡ ಮನೆಗಳಿಂದ ಮೊದಲು ಹೊರಬೀಳುವುದು ಯಾವುದು ಗಮನಿಸಿದ್ದೀರಾ? ತಳ ಸೀದ ಕುಕ್ಕರ್ ಅಲ್ಲ, ಕಾಲು ಮುರಿದ ಇಡ್ಲಿ ಸ್ಟ್ಯಾಂಡ್ ಅಲ್ಲ, ಹದಿನೈದು ವರ್ಷದಿಂದ ಯಾರೂ ಉಡದ ರೇಷ್ಮೆ ಸೀರೆಯಂತೂ ಅಲ್ಲವೇ ಅಲ್ಲ. ಗರಾಜಿನ ಮೂಲೆಯ ರಟ್ಟಿನ ಪೆಟ್ಟಿಗೆಯಲ್ಲಿರುವ ಹಳೆಯ 'ಚಂದಮಾಮ', ಹಳೆಯ 'ಅಮರ ಚಿತ್ರ ಕಥೆ'! "ಇದನ್ನೆಲ್ಲಾ ಯಾರು ಓದುತ್ತಾರೆ?" ಎಂಬ ಒಂದು ಪ್ರಶ್ನೆ, ನಂತರ ಪೆಟ್ಟಿಗೆ ಸೀದಾ ರೀಸೈಕ್ಲಿಂಗ್ ಬಿನ್ನಿಗೆ. ಊರಿನಿಂದ ಸೂಟ್‌ಕೇಸಿನಲ್ಲಿ ತೂಕ ಲೆಕ್ಕ ಹಾಕಿ, ಉಪ್ಪಿನಕಾಯಿ ಬಾಟಲಿ ಬಿಟ್ಟು ತಂದ ಪುಸ್ತಕಗಳ ಗತಿ ಇದು.

ಇದು ಮನೆ ಚೊಕ್ಕಟ ಮಾಡುವುದಲ್ಲ, ಮನೆ ಖಾಲಿ ಮಾಡುವುದು ಎಂದು ಹೇಳುವುದಕ್ಕಾಗಿಯೇ ಈ ಲೇಖನ. ಕಟುವಾಗಿ ಕಂಡರೆ ಕಾಣಲಿ.

"ಎಲ್ಲಾ ಇಂಟರ್‌ನೆಟ್‌ನಲ್ಲಿದೆ, ಕಾಗದ ಯಾಕೆ?" ಎನ್ನುವವರಿಗೆ ಮೊದಲ ಉತ್ತರ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರ ಚಂದಮಾಮ 1947ರ ಜುಲೈನಲ್ಲಿ ತೆಲುಗು, ತಮಿಳುಗಳಲ್ಲಿ ಶುರುವಾಯಿತು. ಮರುವರ್ಷ, 1948ರಲ್ಲಿ, ಕನ್ನಡಕ್ಕೆ ಬಂತು. ಅರ್ಧ ಶತಮಾನ ನಡೆದು 1998ರಲ್ಲಿ ನಿಂತಿತು. 1999ರ ಕೊನೆಗೆ ಮತ್ತೆ ಎದ್ದಿತು. 2007ರಲ್ಲಿ ಮುಂಬಯಿಯ ಕಂಪನಿಯೊಂದರ ಕೈಸೇರಿತು, ಕೆಲವೇ ವರ್ಷಗಳಲ್ಲಿ ಸದ್ದಿಲ್ಲದೆ ನಿಂತೇ ಹೋಯಿತು. ಹಳೆಯ ಸಂಚಿಕೆಗಳನ್ನು ಪತ್ರಿಕೆಯ ಜಾಲತಾಣದಲ್ಲೇ ಓದಬಹುದಾಗಿತ್ತು. ಪತ್ರಿಕೆ ಹೋದ ಹಿಂದೆಯೇ ಆ ತಾಣವೂ ಹೋಯಿತು. ಈಗ ನಮಗೆ ಸಿಗುವ ಪ್ರತಿಗಳು ಯಾರೋ ಪುಣ್ಯಾತ್ಮರು ತಮ್ಮ ಮನೆಯ ಕಾಗದವನ್ನು ಸ್ಕ್ಯಾನ್ ಮಾಡಿ ಹಾಕಿದಂಥವು. ಅಂದರೆ ಆ ಪುಣ್ಯಾತ್ಮರು ರದ್ದಿಗೆ ಹಾಕಲಿಲ್ಲ! ಎಲ್ಲರೂ ನಮ್ಮ ಹಾಗೆಯೇ ಯೋಚಿಸಿದ್ದರೆ ಇಂಟರ್‌ನೆಟ್‌ನಲ್ಲಿ ಏನಿರುತ್ತಿತ್ತು?

"ಬೇಕಾದರೆ ಹೊಸ ಮುದ್ರಣ ತರಿಸಿದರಾಯಿತು" ಎಂಬುದು ಎರಡನೆಯ ವಾದ. ಹೊಸದು ಹಳೆಯದಲ್ಲ ಸ್ವಾಮಿ! ಆರಂಭದ ಅಮರ ಚಿತ್ರ ಕಥೆಗಳನ್ನು ಖರ್ಚು ಉಳಿಸಲೆಂದು ಹಳದಿ, ನೀಲಿ, ಹಸಿರು ಹೀಗೆ ಬೆರಳೆಣಿಕೆಯ ಬಣ್ಣಗಳಲ್ಲಿ ಅಚ್ಚು ಹಾಕಿದ್ದರು. ಮರುಮುದ್ರಣಗಳಿಗೆ ಪೂರ್ಣ ಬಣ್ಣ ಬಂತು. ರಾಮ್ ವಾಯಿರ್ಕರ್ ಅವರ ಕುಂಚದ ಗೆರೆ ಹೇಗಿತ್ತು, ಬಡ ಅಚ್ಚುಕೂಟದಲ್ಲಿ ಅದನ್ನು ಹೇಗೆ ಬೆಳಗಿಸಿದರು ಎಂಬುದು ಹಳೆಯ ಪ್ರತಿಯಲ್ಲೇ ಕಾಣಬೇಕು. ಚಂದಮಾಮದ ಮುಖಪುಟಗಳಿಗೆ ಮಹಾಭಾರತದ ಚಿತ್ರ ಬರೆದ ಎಂ.ಟಿ.ವಿ. ಆಚಾರ್ಯ ನಮ್ಮ ಕನ್ನಡಿಗರೇ. ಮುಂದೆ ಬೆಂಗಳೂರಿನಲ್ಲಿ ಅಂಚೆಯ ಮೂಲಕ ಎಷ್ಟೋ ಮಂದಿಗೆ ಚಿತ್ರಕಲೆ ಕಲಿಸಿದವರು. ಅವರ ಆ ಭೀಷ್ಮ, ಆ ಭೀಮರನ್ನು ಬಣ್ಣಗೆಟ್ಟ ಪಿಡಿಎಫ್‌ನಲ್ಲಿ ನೋಡಿ "ನೋಡಿಯಾಯಿತು" ಎನ್ನುವುದು ಹಬ್ಬದೂಟದ ಫೋಟೋ ನೋಡಿ ತೇಗಿದ ಹಾಗೆ.

ಮೂರನೆಯ ವಾದ ಇನ್ನೂ ಜಾಣತನದ್ದು: "ಚಂದಮಾಮ ಮದರಾಸಿನದು, ಅಮರ ಚಿತ್ರ ಕಥೆ ಮುಂಬಯಿಯದು. ಅದರಲ್ಲಿ ನಮ್ಮದೇನಿದೆ?" ಹಾಗಾದರೆ ಕೇಳಿ. ಅಮರ ಚಿತ್ರ ಕಥೆಯ ಇಂಗ್ಲಿಷ್ ಸರಣಿ ಶುರುವಾಗಿದ್ದೇ ಸಂಖ್ಯೆ 11ರಿಂದ. ಆ ಪುಸ್ತಕ 'ಕೃಷ್ಣ'. ಅದಕ್ಕೆ ಮೊದಲಿನ ಹತ್ತು ಎಲ್ಲಿ ಹೋದವು? ಅವು 1965ರಲ್ಲಿ ಬೆಂಗಳೂರಿನಿಂದ ಕನ್ನಡದಲ್ಲಿ ಬಂದವು! ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಛೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಸಿಂಡರೆಲ್ಲಾ, ಅಲ್ಲಾದೀನನಂಥ ಕಿನ್ನರ ಕಥೆಗಳು ಚಿತ್ರಗಳೊಂದಿಗೆ ಕನ್ನಡ ಮಾತಾಡಿದವು, ಚೆನ್ನಾಗಿ ಮಾರಾಟವೂ ಆದವು. ಸರಣಿಗೆ ಹೆಸರು ತಂದ ಅನಂತ್ ಪೈ ಅವರೂ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಆದರೆ ಸರಣಿಯ ಹುಟ್ಟಿನ ಕಥೆ ಹೇಳುವಾಗ ಜಗತ್ತು ಹೇಳುವುದು 1967ರ ದೆಹಲಿಯ ಟಿ.ವಿ. ಕ್ವಿಝ್ ಪ್ರಸಂಗವನ್ನು, 1965ರ ಬೆಂಗಳೂರನ್ನಲ್ಲ. ಆ ಹತ್ತು ಪುಸ್ತಕಗಳೇ ಅದಕ್ಕೆ ಕಣ್ಣೆದುರಿನ ಸಾಕ್ಷಿ. ನಿಮ್ಮ ಗರಾಜಿನ ಪೆಟ್ಟಿಗೆಯಲ್ಲಿ ಅವುಗಳಲ್ಲೊಂದು ಇಲ್ಲವೆಂದು ಬಿಚ್ಚಿ ನೋಡದೆ ಹೇಗೆ ಹೇಳುತ್ತೀರಿ?

ಇನ್ನು ಪರದೇಶದ ಕಥೆ ನಮ್ಮದಲ್ಲ ಎಂಬ ಮಾತು. ಜರ್ಮನಿಯ ಹ್ಯಾಮೆಲಿನ್ ಊರಿನ ಕಥೆಯನ್ನು ಬ್ರೌನಿಂಗ್ ಇಂಗ್ಲಿಷಿನಲ್ಲಿ ಹಾಡಿದ, ಕುವೆಂಪು ಅದನ್ನು ಬೊಮ್ಮನಹಳ್ಳಿಗೆ ತಂದು ಕಿಂದರಿಜೋಗಿಯನ್ನು ಕೊಟ್ಟರು. ಈಗ ಜೋಗಿ ಯಾವ ದೇಶದವನು ಹೇಳಿ ನೋಡೋಣ! ಕಥೆಗೆ ಪಾಸ್‌ಪೋರ್ಟ್ ಬೇಡ. ನಾವೂ ಹಾಗೆಯೇ ಬಂದವರಲ್ಲವೇ?

"ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ" ಎಂಬುದು ಕೊನೆಯ ಅಸ್ತ್ರ. ಒಪ್ಪಿದೆ. ಅದಕ್ಕೇ ಚಿತ್ರದ ಪುಸ್ತಕ ಬೇಕು! ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದು ಸ್ಮಶಾನದಲ್ಲಿ ನಡೆಯುವ ವಿಕ್ರಮನ ಚಿತ್ರ ಬರೆದವರು ಶಂಕರ್, ಅಂದರೆ ಕೆ.ಸಿ. ಶಿವಶಂಕರನ್. ಅವರು ತೀರಿಕೊಂಡದ್ದು 2020ರಲ್ಲಿ, ಮರಣೋತ್ತರ ಪದ್ಮಶ್ರೀ ಬಂದದ್ದು 2021ರಲ್ಲಿ. ಆ ಚಿತ್ರವನ್ನು ಯಾವ ಮಗುವಿನ ಮುಂದೆ ಇಟ್ಟರೂ "ಇವನು ಯಾರು? ಹೆಗಲ ಮೇಲೆ ಏನದು?" ಎಂದು ಕೇಳದೆ ಇರಲಾರದು. ಆ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಹೇಳಲು ಅಜ್ಜಿಗೆ ಬರುತ್ತದೆ. ಇದಕ್ಕಿಂತ ಸುಲಭವಾದ ಕನ್ನಡ ಕ್ಲಾಸ್ ಯಾವುದಿದೆ?

ಹಾಗೆಂದು ಇದರ ತದ್ವಿರುದ್ಧ ಪಂಗಡಕ್ಕೂ ನಮಸ್ಕಾರ ಹೇಳಲೇಬೇಕು. ಮೊದಲ ಮುದ್ರಣವನ್ನು ದುಬಾರಿ ಬೆಲೆಗೆ ಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಅಂಟಿಸಿಟ್ಟು "ಇನ್ವೆಸ್ಟ್‌ಮೆಂಟ್" ಎನ್ನುವವರು. ಮಗು ಮುಟ್ಟಿದರೆ ಬೆಲೆ ಇಳಿಯುತ್ತದಂತೆ! ಮಗು ಮುಟ್ಟಲೆಂದೇ ಅಚ್ಚಾದ ಪುಸ್ತಕ ಅದು. ರದ್ದಿಗೆ ಹಾಕುವವರು ಪುಸ್ತಕವನ್ನು ಒಮ್ಮೆ ಕೊಂದರೆ ಇವರು ದಿನವೂ ಉಸಿರುಗಟ್ಟಿಸುತ್ತಾರೆ.

ನಾವು ನೆಲೆಸಿರುವ ದೇಶದವರು ಏನು ಮಾಡಿದರು ನೋಡಿ. ಹಡಗಿನಲ್ಲಿ ಬಂದವರೂ ತಮ್ಮ ಮಕ್ಕಳಿಗೆ ಊರಿನ ಕಿನ್ನರ ಕಥೆಗಳನ್ನು ತಂದರು. 1891ರಲ್ಲಿ ಕೇಟ್ ಮೆಕಾಶ್ ಕ್ಲಾರ್ಕ್ ಎಂಬಾಕೆ ಈ ನೆಲದ ಕ್ರಿಸ್‌ಮಸ್ ಕುರಿತೇ 'ಎ ಸದರ್ನ್ ಕ್ರಾಸ್ ಫೇರಿ ಟೇಲ್' ಎಂಬ ಚಿತ್ರಸಹಿತ ಕಿನ್ನರ ಕಥೆ ಬರೆದರು. ವೆಲಿಂಗ್ಟನ್ನಿನ ನ್ಯಾಷನಲ್ ಲೈಬ್ರರಿಯಲ್ಲಿ 1940ಕ್ಕೂ ಹಿಂದಿನ ಮಕ್ಕಳ ಪುಸ್ತಕಗಳಿಗಾಗಿಯೇ ಒಂದು ಸಂಗ್ರಹವಿದೆ. ಅದಕ್ಕೆ ಇಟ್ಟಿರುವ ಹೆಸರು ಮಂತ್ರಿಯದಲ್ಲ, ಡುನೆಡಿನ್‌ನಲ್ಲಿ ಮಕ್ಕಳ ಲೈಬ್ರರಿಯನ್ ಆಗಿದ್ದ ಡೊರೊಥಿ ನೀಲ್ ವೈಟ್ ಅವರದು. ಸೂಸನ್ ಪ್ರೈಸ್ ಎಂಬವರು ತಾವು ಕೂಡಿಸಿದ ಸಾವಿರಾರು ಮಕ್ಕಳ ಪುಸ್ತಕಗಳನ್ನು 1991ರಲ್ಲಿ ಅದೇ ಲೈಬ್ರರಿಗೆ ಕೊಟ್ಟರು. ಅವರು ತಮ್ಮ ಮಕ್ಕಳ ಪುಸ್ತಕವನ್ನು ಇತಿಹಾಸವೆಂದು ತಿಳಿದರು. ನಾವು ನಮ್ಮದನ್ನು ರದ್ದಿ ಎಂದು ತಿಳಿದಿದ್ದೇವೆ. ಕನ್ನಡದ್ದನ್ನು ಅವರು ಬಂದು ಉಳಿಸುತ್ತಾರೆಯೇ? ಅದು ನಮ್ಮ ಕೆಲಸ.

ಕೆಲಸ ದೊಡ್ಡದೇನಲ್ಲ. ಪೆಟ್ಟಿಗೆ ಬಿಚ್ಚಿ, ಪಟ್ಟಿ ಮಾಡಿ. ಪುಸ್ತಕದಲ್ಲಿ ವರ್ಷ ಇಲ್ಲದಿದ್ದರೂ ಪತ್ತೆ ಹಚ್ಚಬಹುದು. ಬೆಲೆ ಆಣೆಯಲ್ಲಿದ್ದರೆ 1957ರ ದಶಮಾಂಶ ನಾಣ್ಯಕ್ಕೆ ಮುಂಚಿನದೆಂದೇ ಹೇಳಬಹುದು. 'ನಯೇ ಪೈಸೆ' ಎಂದಿದ್ದರೆ 1957ರಿಂದ 1964ರ ಆಸುಪಾಸಿನದು. 'ಮದರಾಸು-26' ಎಂದು ಮಾತ್ರ ಇದ್ದರೆ ಹಳೆಯದು, ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. 'ಮೈಸೂರು ರಾಜ್ಯ' ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದೆಂದು ತಿಳಿಯಿರಿ. ಮುಖಪುಟ ಕಿತ್ತು ಬೈಂಡ್ ಮಾಡಿಸಿದ್ದರೂ ಬಿಸಾಡಬೇಡಿ. ಸೆಲೋಟೇಪ್ ಹಚ್ಚಬೇಡಿ, ರಬ್ಬರ್ ಬ್ಯಾಂಡ್ ಬಿಗಿಯಬೇಡಿ, ತುಕ್ಕು ಹಿಡಿದ ಪಿನ್ನನ್ನು ಮೆಲ್ಲಗೆ ತೆಗೆಯಿರಿ. ಎಲ್ಲಕ್ಕಿಂತ ಮೊದಲು ಗರಾಜಿನಿಂದ ಮನೆಯೊಳಗೆ ತನ್ನಿ. ಇಲ್ಲಿನ ಚಳಿಗಾಲದ ತೇವ ಗೋಡೆಗೇ ಬೂಷ್ಟು ತರಿಸುತ್ತದೆ, ಕಾಗದವನ್ನು ಬಿಟ್ಟೀತೇ?

ಪುಸ್ತಕ ನಿಮ್ಮ ಮನೆಯಲ್ಲೇ ಇರಲಿ, ಕೂಟಕ್ಕೆ ಕೊಡಬೇಕಾಗಿಲ್ಲ. ಹೆಸರು, ಸಂಖ್ಯೆ, ತಿಂಗಳು, ಸ್ಥಿತಿ ಇಷ್ಟನ್ನು ಬರೆದು ಸಮಿತಿಗೆ ಕೊಡಿ. ಎಲ್ಲರ ಪಟ್ಟಿ ಒಂದಾಗಲಿ. ರಾಜ್ಯೋತ್ಸವದ ದಿನ ಊಟದ ಸಾಲಿನ ಪಕ್ಕ ಒಂದು ಮೇಜು ಹಾಕಿ, ಹಳೆಯ ಪುಸ್ತಕಗಳನ್ನು ಮಕ್ಕಳ ಕೈಗೆ ಸಿಗುವಂತೆ ಇಡೋಣ. ಸಮಿತಿಯವರು "ನೋಡೋಣ" ಎನ್ನದೆ "ಮಾಡೋಣ" ಎನ್ನಬೇಕಾಗಿ ವಿನಂತಿ.

ನಮ್ಮ ಕಾಲದ ನಂತರ ಈ ಪೆಟ್ಟಿಗೆಗಳನ್ನು ಬಿಚ್ಚುವವರು ಮುಖಪುಟದ ಹೆಸರನ್ನೂ ಓದಲಾರದ ಮಕ್ಕಳಾಗಬಹುದು. ಯಾವುದು ರದ್ದಿ, ಯಾವುದು ನಿಧಿ ಎಂದು ಅವರಿಗೆ ಹೇಳುವವರು ಈಗ ಇರುವ ನಾವೇ. ಉತ್ತರ ಗೊತ್ತಿದ್ದೂ ಸುಮ್ಮನಿದ್ದವರ ತಲೆ ಏನಾಗುತ್ತದೆಂದು ಬೇತಾಳ ಪ್ರತಿ ತಿಂಗಳೂ ಎಚ್ಚರಿಸುತ್ತಿದ್ದನಲ್ಲ, ನೆನಪಿದೆ ತಾನೆ?

ಸಿರಿಗನ್ನಡಂ ಗೆಲ್ಗೆ.

– ಸದಸ್ಯರೊಬ್ಬರು