ಹದಿನೇಳು ವರ್ಷ ಯಾರೂ ನೋಡದ ಚೀಲ

‘ಪ್ಲಾಸ್ಟಿಕ್ ಅಂದಮೇಲೆ ಸವೆದೇ ಸವೆಯುತ್ತದೆ, ಕಂಪನಿಯನ್ನು ಯಾಕೆ ದೂರುತ್ತೀರಿ’ ಎಂಬ ಮಾತನ್ನು ಇನ್ನಾದರೂ ನಿಲ್ಲಿಸಬೇಕು. ಕೃತಕ ಸೊಂಟದ ಕೀಲು ಸವೆಯುತ್ತದೆ ಎಂಬುದು ಹಳೇ ಸಂಗತಿ. ಇಂಗ್ಲೆಂಡಿನ ಶಸ್ತ್ರಚಿಕಿತ್ಸಕ ಜಾನ್ ಚಾರ್ನ್ಲಿ ಮೊದಮೊದಲು ಕೂರಿಸಿದ ಟೆಫ್ಲಾನ್ ಬಟ್ಟಲುಗಳು ಕೆಲವೇ ವರ್ಷಗಳಲ್ಲಿ ಸವೆದುಹೋಗಿ, 1962ರಲ್ಲಿ ಅವರು ಪಾಲಿಎಥಿಲೀನ್ ಹಿಡಿದರು. ಅದು ಕೂಡ ವರ್ಷಕ್ಕೆ ಸವೆಯುತ್ತಿದ್ದುದು ಸುಮಾರು 0.1 ಮಿಲಿಮೀಟರ್. ತೊಂಬತ್ತರ ದಶಕದ ಕೊನೆಗೆ ಬಂದ ಕ್ರಾಸ್‌ಲಿಂಕ್ಡ್ ಪಾಲಿಎಥಿಲೀನ್ ಅದನ್ನೂ ಬಹಳ ತಗ್ಗಿಸಿತು. ಇಷ್ಟಾದ ಮೇಲೂ ಲೈನರ್, ಅಂದರೆ ಬಟ್ಟಲೊಳಗಿನ ಪ್ಲಾಸ್ಟಿಕ್ ಒಳಪದರ, ಅಕಾಲದಲ್ಲಿ ಸವೆದರೆ ಕಾರಣ ಹುಡುಕಲೇಬೇಕು. ಅಮೆರಿಕದ ಫ್ಲಾರಿಡಾದಲ್ಲಿ ಕೃತಕ ಕೀಲು ತಯಾರಿಸುವ ಎಕ್ಸಾಕ್‌ಟೆಕ್ ಕಂಪನಿಯ ಪ್ರಕರಣದಲ್ಲಿ ಅದು ಸಿಕ್ಕಿದೆ. ಆಮ್ಲಜನಕ ತಾಗುತ್ತಾ ಹೋದರೆ ಈ ಪ್ಲಾಸ್ಟಿಕ್ ಪೆಡಸಾಗಿ ಬೇಗ ಸವೆಯುತ್ತದೆ, ಅದಕ್ಕೇ ಹಲವು ಪದರಗಳ ಚೀಲದಲ್ಲಿ ಗಾಳಿ ತೆಗೆದು ಇಡುತ್ತಾರೆ. ಆ ಕಂಪನಿಯ ಬಹುಪಾಲು ಚೀಲಗಳಲ್ಲಿ ಆಮ್ಲಜನಕ ತಡೆಯಬೇಕಾದ ಒಂದು ಪದರವೇ ಇರಲಿಲ್ಲ. 2004ರಿಂದ ಹೀಗೇ ನಡೆದು, ವಾಪಸ್ ತರಿಸಲು ಶುರುಮಾಡಿದ್ದು 2021ರಲ್ಲಿ. ಹದಿನೇಳು ವರ್ಷ! ರೋಗಿಯ ತೂಕ, ಓಡಾಟ, ಬಟ್ಟಲು ಕೂರಿಸಿದ ಕೋನ, ಎಲ್ಲವೂ ಸವಕಳಿಯನ್ನು ಹೆಚ್ಚಿಸಬಲ್ಲವು, ಒಪ್ಪೋಣ. ಆದರೆ ಚೀಲದ ಪದರ ರೋಗಿಯ ಕೈಯಲ್ಲಿತ್ತೇ, ವೈದ್ಯರ ಕೈಯಲ್ಲಿತ್ತೇ?

ನೋವಿಲ್ಲದವರನ್ನು ಹೆದರಿಸಬೇಡಿ ಎನ್ನುವವರೂ ಇದ್ದಾರೆ. ಆದರೆ ಸವೆದು ಉದುರುವ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನಿಗಿಂತ ಸಣ್ಣವು. ದೇಹದ ರಕ್ಷಕ ಕೋಶಗಳು ಅವನ್ನು ನುಂಗುತ್ತವೆ, ಅರಗಿಸಿಕೊಳ್ಳಲಾರವು. ಆ ಉರಿಯೂತಕ್ಕೆ ಸುತ್ತಲಿನ ಮೂಳೆ ಕರಗತೊಡಗುತ್ತದೆ, ಎಷ್ಟೋ ಸಲ ಕೀಲು ಸಡಿಲವಾಗುವ ತನಕ ಏನೂ ತಿಳಿಯುವುದಿಲ್ಲ. ನೋವಿಲ್ಲದವರ ಕೀಲನ್ನು ಸುಮ್ಮನೆ ತೆಗೆಯಬೇಕಿಲ್ಲ ಎಂಬ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಲಹೆ ಸರಿಯೇ. ಆದರೆ ಯಾರ ಸೊಂಟದಲ್ಲಿ ಯಾವ ಲೈನರ್ ಇದೆ ಎಂದು ಗೊತ್ತಿದ್ದರೆ ತಾನೇ ಅವರನ್ನು ಕರೆಸಿ ಎಕ್ಸ್‌-ರೇ ತೆಗೆಯುವುದು?

ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಭಾರತ ಕಂಡಿದೆ. 2010ರಲ್ಲಿ ಡಿಪ್ಯೂ ಕಂಪನಿ ಎಎಸ್‌ಆರ್ ಎಂಬ ಲೋಹದ ಸೊಂಟದ ಕೀಲನ್ನು ವಾಪಸ್ ಪಡೆಯಿತು. ಇಲ್ಲಿ ಅದನ್ನು ಹಾಕಿಸಿಕೊಂಡವರು ಸುಮಾರು 4,700 ಮಂದಿ, ಹೆಚ್ಚಿನವರ ಪತ್ತೆಯೇ ಆಗಲಿಲ್ಲ. ಸ್ವೀಡನ್ 1979ರಲ್ಲೇ ಸೊಂಟದ ಕೀಲುಗಳ ನೋಂದಣಿ ಶುರುಮಾಡಿತು, ನಮ್ಮಲ್ಲಿ ಪ್ರತಿ ಕೀಲನ್ನೂ ಲೆಕ್ಕಕ್ಕೆ ತರುವ ಕಡ್ಡಾಯ ವ್ಯವಸ್ಥೆ ಇನ್ನೂ ಇಲ್ಲ. ಇಂಪ್ಲಾಂಟ್ ಡಬ್ಬಿಯಲ್ಲಿ ಲಾಟ್ ಸಂಖ್ಯೆಯ ಅಂಟುಚೀಟಿಗಳು ಬರುತ್ತವೆ. ಅವುಗಳಲ್ಲಿ ಒಂದನ್ನು ರೋಗಿಯ ಡಿಸ್ಚಾರ್ಜ್ ಪತ್ರಕ್ಕೆ ಅಂಟಿಸಿ, ಅದೇ ಸಂಖ್ಯೆಯನ್ನು ಸರ್ಕಾರದ ಪಟ್ಟಿಗೆ ಸೇರಿಸುವುದು ಆಸ್ಪತ್ರೆಗಳಿಗೆ ಆಗದ ಕೆಲಸವೇ?