ಕೇಳದೆ ಕೊಡುವ ನೀರು

ನಾನು ವೈದ್ಯಳಲ್ಲ. ಮೈಸೂರಿನಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ ಈ ದೇಶಕ್ಕೆ ಬಂದು, ಮೂವತ್ತು ವರ್ಷಗಳಿಂದ ಮಿಷಿಗನ್ನಿನಲ್ಲಿ ಸಂಸಾರ ನಡೆಸುತ್ತಿರುವ ಗೃಹಿಣಿ. ಆದರೂ ಬಾಯಾರಿಕೆ ಎಂಬ ದೇಹಧರ್ಮವನ್ನು ಕುರಿತು ಸಮ್ಮೇಳನದ ಬಂಧುಗಳೊಡನೆ ನಾಲ್ಕು ಮಾತು ಹಂಚಿಕೊಳ್ಳಬಯಸುತ್ತೇನೆ. ಅದಕ್ಕೆ ಕಾರಣ ನಮ್ಮ ಮನೆಯಲ್ಲೇ ನಡೆದ ಒಂದು ಘಟನೆ.

ಕೆಲವು ವರ್ಷಗಳ ಹಿಂದೆ, ಎಪ್ಪತ್ತೆಂಟು ವಯಸ್ಸಿನ ನನ್ನ ಅತ್ತೆಯವರು ಶಿವಮೊಗ್ಗದಿಂದ ಬಂದು ಚಳಿಗಾಲದಲ್ಲಿ ನಮ್ಮೊಡನಿದ್ದರು. ಹೊರಗೆ ಹಿಮ, ಒಳಗೆ ಹಗಲಿರುಳೂ ಹೀಟರಿನ ಒಣಗಾಳಿ. "ಅತ್ತೆ, ನೀರು ಬೇಕೇ?" ಎಂದು ದಿನವೂ ಕೇಳುತ್ತಿದ್ದೆ. "ಬೇಡಮ್ಮ, ಬಾಯಾರಿಕೆಯೇ ಇಲ್ಲ" ಎನ್ನುತ್ತಿದ್ದರು. ಮೂರನೆಯ ವಾರ ಅವರಿಗೆ ಮೊಮ್ಮಗನ ಹೆಸರು ನೆನಪಾಗಲಿಲ್ಲ. ತಾವು ಶಿವಮೊಗ್ಗದ ಮನೆಯಲ್ಲೇ ಇರುವಂತೆ ಮಾತನಾಡತೊಡಗಿದರು. ಮುಪ್ಪಿನ ಮರೆವೆಂದು ಬಗೆದು ನಾವು ಎರಡು ದಿನ ಸುಮ್ಮನಿದ್ದೆವು. ಆಸ್ಪತ್ರೆಗೆ ಕರೆದೊಯ್ದಾಗ ತಿಳಿದದ್ದು, ದೇಹದಲ್ಲಿ ನೀರಿನ ತೀವ್ರ ಕೊರತೆ. ರಕ್ತನಾಳದ ಮೂಲಕ ದ್ರವ ಕೊಟ್ಟ ಮೇಲೆ ಅವರು ನಮ್ಮನ್ನು ಗುರುತಿಸಿದರು. "ದಿನವೂ ಕೇಳಿದ್ದೆನಲ್ಲ" ಎಂಬ ಸಮಾಧಾನವೊಂದು ನನಗಿತ್ತು. ಅದು ಹುಸಿಯೆಂಬುದು ಅನಂತರ ಓದಿದಾಗ ಅರಿವಾಯಿತು.

ನಮ್ಮ ಮಿದುಳಿನ ಹೈಪೊಥಾಲಮಸ್ ಭಾಗದ ಬಳಿ ರಕ್ತದ ಸಾಂದ್ರತೆಯನ್ನು ಸದಾ ಅಳೆಯುವ ಜೀವಕೋಶಗಳಿವೆ. ಸಾಂದ್ರತೆ ಶೇಕಡಾ 1ರಿಂದ 2ರಷ್ಟು ಏರಿದರೆ ಸಾಕು, ಎರಡು ಆಜ್ಞೆಗಳು ಹೊರಡುತ್ತವೆ. ವಾಸೊಪ್ರೆಸಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ, ನೀರನ್ನು ಉಳಿಸಿಕೊಳ್ಳುವಂತೆ ಮೂತ್ರಪಿಂಡಗಳಿಗೆ ತಿಳಿಸುತ್ತದೆ. ಬಾಯಾರಿಕೆ ಹುಟ್ಟಿ ನಮ್ಮನ್ನು ನೀರಿನೆಡೆಗೆ ನಡೆಸುತ್ತದೆ. ಎಷ್ಟು ಸೂಕ್ಷ್ಮವಾದ ವ್ಯವಸ್ಥೆ! ಆದರೆ ವಯಸ್ಸಾದಂತೆ ಬಾಯಾರಿಕೆಯ ಕರೆ ಕ್ಷೀಣಿಸುತ್ತದೆ. ನೀರನ್ನು ಹಿಡಿದಿಡುವ ಮೂತ್ರಪಿಂಡಗಳ ಶಕ್ತಿಯೂ ಕುಗ್ಗುತ್ತದೆ. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 67ರಿಂದ 75 ವಯಸ್ಸಿನ ಆರೋಗ್ಯವಂತ ಪುರುಷರನ್ನೂ ತರುಣರನ್ನೂ 24 ಗಂಟೆಗಳ ಕಾಲ ನೀರಿಲ್ಲದೆ ಇರಿಸಿದ್ದರು. ಹಿರಿಯರಿಗೆ ಬಾಯಾರಿಕೆ ಕಡಿಮೆಯಾಗಿತ್ತು. ಮುಂದೆ ನೀರನ್ನಿಟ್ಟಾಗಲೂ ಅವರು ತರುಣರಿಗಿಂತ ಕಡಿಮೆ ಕುಡಿದರು. ನನ್ನ ಅತ್ತೆಯವರು ಸಂಕೋಚದಿಂದ ಸುಳ್ಳಾಡಿರಲಿಲ್ಲ. ಅವರಿಗೆ ನಿಜವಾಗಿಯೂ ಬಾಯಾರಿಕೆಯಾಗಿರಲಿಲ್ಲ. ಕೇಳಬಾರದ ಪ್ರಶ್ನೆಯನ್ನು ಕೇಳಿ, ಅದರ ಉತ್ತರವನ್ನು ನಂಬಿದವಳು ನಾನು.

ನಮ್ಮ ನಾಡಿನಲ್ಲಿ ಮನೆಗೆ ಬಂದವರ ಮುಂದೆ ಬೆಲ್ಲ, ನೀರು ತಂದಿಡುವ ಪದ್ಧತಿಯುಂಟು. "ಬೇಕೇ?" ಎಂದು ಯಾರೂ ಕೇಳುವುದಿಲ್ಲ. ಕೇಳಿ ಕೊಡುವುದು ಈ ದೇಶದ ಸೌಜನ್ಯ. ಅದನ್ನು ನಾವೂ ಕಲಿತೆವು, ತಪ್ಪಲ್ಲ. ಹೊಟ್ಟೆ ತುಂಬಿದವರ ಎಲೆಗೆ ಮತ್ತೊಂದು ಹೋಳಿಗೆ ಬಡಿಸುವ ನಮ್ಮ ಬಲವಂತದ ಉಪಚಾರವನ್ನು ನಾನು ಸಮರ್ಥಿಸಲಾರೆ. ಆದರೆ ವೃದ್ಧರ ನೀರಿನ ವಿಷಯದಲ್ಲಿ ಹಳೆಯ ಪದ್ಧತಿಯೇ ಮೇಲೆಂಬುದು ನನ್ನ ದೃಢವಾದ ಅಭಿಪ್ರಾಯ. ಬರಿಯ ನೀರೇ ಆಗಬೇಕೆಂದಿಲ್ಲ. ತಿಳಿಸಾರು, ಮಜ್ಜಿಗೆ, ಕಷಾಯ, ಕಾಫಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ನೀರಿಗೆ ಮಿತಿ ಹಾಕಿಸಿಕೊಂಡವರು ಮಾತ್ರ ವೈದ್ಯರ ಸಲಹೆಯಂತೆಯೇ ನಡೆಯಬೇಕು. ಹಿರಿಯರು ಇದ್ದಕ್ಕಿದ್ದಂತೆ ಗೊಂದಲಗೊಂಡರೆ ವಯಸ್ಸನ್ನು ದೂರಿ ಕಾಯದೆ, ಒಡನೆಯೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಈಗ ಅತ್ತೆಯವರು ಬಂದಾಗ ನಾನು ಏನನ್ನೂ ಕೇಳುವುದಿಲ್ಲ. ಎರಡು ಗಂಟೆಗೊಮ್ಮೆ ಅರ್ಧ ಲೋಟ ತಂದು ಕೈಗಿಟ್ಟು, ಕುಡಿಯುವ ತನಕ ಪಕ್ಕದಲ್ಲಿ ಕುಳಿತಿರುತ್ತೇನೆ. ಈ ಸಮ್ಮೇಳನದ ಸಭಾಂಗಣದಲ್ಲಿಯೂ ಊರಿನಿಂದ ಬಂದ ಅನೇಕ ತಂದೆತಾಯಿಯರು ದಿನವಿಡೀ ಕುಳಿತಿರುತ್ತಾರೆ. ಅವರು ಕೇಳುವವರಲ್ಲ. ತಾವು ಕಾಫಿಗೆಂದು ಎದ್ದಾಗ ಅವರಿಗೂ ಒಂದು ಲೋಟ ನೀರು ತಂದುಕೊಡಿರೆಂದು ವಿನಂತಿಸುತ್ತೇನೆ.