ಹಳದಿ ಹನಿ, ಕಾಣದ ಕಿರಣ

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪಟಲಕ್ಕೆ ಕಾರ್ನಿಯಾ ಎಂದು ಹೆಸರು. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರು ಮಾತ್ರ. ಕೆಲವರಲ್ಲಿ, ಹರೆಯದ ದಿನಗಳಲ್ಲಿಯೇ, ಈ ಪಟಲವು ತೆಳುವಾಗುತ್ತ ಶಂಕುವಿನಂತೆ ಮುಂದಕ್ಕೆ ಉಬ್ಬತೊಡಗುತ್ತದೆ. ಅಕ್ಷರಗಳು ಚದರುತ್ತವೆ, ಒಂದು ದೀಪ ಹಲವಾಗಿ ತೋರುತ್ತದೆ, ಕನ್ನಡಕವನ್ನು ಎಷ್ಟು ಬಾರಿ ಬದಲಾಯಿಸಿದರೂ ನೋಟ ತಿಳಿಯಾಗದು. ಇದೇ ಕೆರಟೋಕೋನಸ್.

1854ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ನಾಟಿಂಗ್‌ಹ್ಯಾಮ್ ಈ ಬೇನೆಯನ್ನು ವಿವರವಾಗಿ ವರ್ಣಿಸಿದನು. ಆದರೆ ಅದರ ಮುನ್ನಡೆಯನ್ನು ತಡೆಯುವ ಉಪಾಯ ಬಹುಕಾಲ ದೊರೆಯಲಿಲ್ಲ. ರೋಗ ಬಲಿತು ಲೆನ್ಸೂ ಕೂರದಾದಾಗ, ಮೃತರ ಕಣ್ಣಿನ ಪಟಲವನ್ನು ಕಸಿಮಾಡಬೇಕಾಗುತ್ತಿತ್ತು.

2003ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ವೊಲ್ಲೆನ್‌ಸಾಕ್, ಷ್ಪೋರ್ಲ್, ಸೈಲರ್ ಎಂಬುವರು ಹೊಸ ಚಿಕಿತ್ಸೆಯೊಂದರ ಫಲವನ್ನು ಪ್ರಕಟಿಸಿದರು. ಅದರ ಸಾಮಗ್ರಿ ಎರಡೇ: ಹಾಲಿನಲ್ಲಿಯೂ ಇರುವ ರೈಬೋಫ್ಲೇವಿನ್ ಎಂಬ ಹಳದಿ ಜೀವಸತ್ವ, ಮತ್ತು ಕಣ್ಣಿಗೆ ಕಾಣದ ಅತಿನೇರಳೆ ಕಿರಣ. ಪಟಲದ ಮೇಲ್ಪೊರೆಯನ್ನು ಸರಿಸಿ, ಹನಿಗಳನ್ನು ಊಡಿಸಿ, ಅರ್ಧ ಗಂಟೆ ಕಿರಣವನ್ನು ಹಾಯಿಸಿದರು. ಆಗ ಕೊಲಾಜೆನ್ ಎಳೆಗಳ ನಡುವೆ ಹೊಸ ಬೆಸುಗೆಗಳು ಏರ್ಪಟ್ಟು ಪಟಲದ ನೇಯ್ಗೆ ಬಿಗಿಯಾಗುತ್ತದೆ. ಹಳದಿ ದ್ರವವು ಕಿರಣವನ್ನು ಹೀರಿ ಕಣ್ಣಿನ ಒಳಭಾಗವನ್ನೂ ಕಾಯುತ್ತದೆ. ಪಟಲವು 400 ಮೈಕ್ರಾನಿಗಿಂತ ತೆಳುವಾಗಿದ್ದರೆ ಈ ಕ್ರಮದಲ್ಲಿ ಆ ರಕ್ಷಣೆ ಸಾಲದು.

ಬಹುಪಾಲು ಕಣ್ಣುಗಳಲ್ಲಿ ಉಬ್ಬು ಅಲ್ಲಿಗೇ ನಿಲ್ಲುತ್ತದೆ. ಆದರೆ ಕಳೆದುಹೋದ ನೋಟವನ್ನು ಈ ಚಿಕಿತ್ಸೆ ಪೂರ್ಣವಾಗಿ ಮರಳಿ ತಾರದು, ಉಳಿದುದನ್ನು ಕಾಯುತ್ತದೆ. ಆದುದರಿಂದ ಸದಾ ಕಣ್ಣುಜ್ಜುವ, ಕನ್ನಡಕದ ನಂಬರು ಪದೇ ಪದೇ ಬದಲಾಗುವ ಮಗುವನ್ನು ಗದರಿಸಿ ಸುಮ್ಮನಾಗದೆ, ಬೇಗನೆ ನೇತ್ರವೈದ್ಯರಲ್ಲಿಗೆ ಕರೆದೊಯ್ಯುವುದು ಹಿರಿಯರ ಹೊಣೆ.